ಗ್ರಹಯಾನದ ಮಡಿ-ಮೈಲಿಗೆ

ಭೂಮಿಯನ್ನು ಬಿಟ್ಟು ಬೇರೆಲ್ಲಾದರೂ ಜೀವವಿದೆಯೇ ಎಂಬ ಪ್ರಶ್ನೆ ಬಹು ಹಳೆಯದು. ಅದನ್ನು ಹುಡುಕಹೊರಟವನು ಎರಡು ಬಗೆಯ ಎಚ್ಚರವನ್ನು ವಹಿಸಬೇಕೆಂಬ ಅರಿವು ಮಾತ್ರ ಇತ್ತೀಚಿನದು. ಒಂದು, ನಮ್ಮ ಸೂಕ್ಷ್ಮಜೀವಿಗಳನ್ನು ಅಲ್ಲಿಗೆ ಒಯ್ಯದಿರುವುದು. ಇನ್ನೊಂದು, ಅಲ್ಲಿನ ಜೀವಿಯನ್ನು ಅರಿಯದೆ ಇಲ್ಲಿಗೆ ತಾರದಿರುವುದು. ಇದನ್ನು ನಾನು ವಿಜ್ಞಾನದ ಮಡಿ ಎಂದು ಕರೆಯುತ್ತೇನೆ. ಈ ಮಡಿಗೆ ಜಾತಿಯಿಲ್ಲ, ಕಾರಣವುಂಟು.

1957ರ ನವೆಂಬರಿನಲ್ಲಿ, ಸ್ಪುಟ್ನಿಕ್ ಹಾರಿದ ಮರುತಿಂಗಳು, ಅಮೆರಿಕದ ಜೀವವಿಜ್ಞಾನಿ ಜೋಷುವಾ ಲೆಡರ್‌ಬರ್ಗ್ ಕಲ್ಕತ್ತೆಯಲ್ಲಿ ಜೆ. ಬಿ. ಎಸ್. ಹಾಲ್ಡೇನರನ್ನು ಕಂಡರು. ಅಂದು ಚಂದ್ರಗ್ರಹಣ. ಮಾತು ಸಹಜವಾಗಿಯೇ ಚಂದ್ರನತ್ತ ಹರಿಯಿತು. ಆತುರದ ಪೈಪೋಟಿಯಲ್ಲಿ ಅನ್ಯಲೋಕಗಳು ಕಲುಷಿತವಾದಾವೆಂದು ಲೆಡರ್‌ಬರ್ಗರು ಅಲ್ಲಿಂದ ಮುಂದೆ ವಿಜ್ಞಾನಿಗಳನ್ನು ಎಚ್ಚರಿಸತೊಡಗಿದರು. 1967ರ ಬಾಹ್ಯಾಕಾಶ ಒಪ್ಪಂದದ ಒಂಬತ್ತನೆಯ ವಿಧಿಯಲ್ಲಿ ಈ ಎರಡು ಎಚ್ಚರಗಳೂ ಸೇರಿವೆ. ಭಾರತವೂ ಅದಕ್ಕೆ ಸಹಿ ಹಾಕಿದೆ.

ಮೊದಲನೆಯ ಎಚ್ಚರದ ಫಲವನ್ನು 1976ರಲ್ಲಿ ಮಂಗಳಗ್ರಹಕ್ಕಿಳಿದ ವೈಕಿಂಗ್ ನೌಕೆಗಳಲ್ಲಿ ಕಾಣಬಹುದು. ಹೊರಡುವ ಮೊದಲು ಅವನ್ನು 110 ಡಿಗ್ರಿ ಸೆಂಟಿಗ್ರೇಡಿಗೂ ಮಿಗಿಲಾದ ಒಣಶಾಖದಲ್ಲಿ ಗಂಟೆಗಟ್ಟಲೆ ಕಾಯಿಸಿದ್ದರು. ಮಂಗಳದ ಮಣ್ಣಿಗೆ ಪೋಷಕದ್ರವವನ್ನು ಹನಿಸಿದಾಗ, ಜೀವವಿದ್ದಲ್ಲಿ ಬರುವಂತೆಯೇ ಅನಿಲ ಹೊರಬಂದಿತು. ಇದು ಮಣ್ಣಿನ ರಾಸಾಯನಿಕ ಕ್ರಿಯೆಯೆಂದು ಬಹುಮಂದಿ ವಿಜ್ಞಾನಿಗಳು ಬಗೆದರು. ನೌಕೆಯನ್ನು ಕಾಯಿಸದೆ ಕಳುಹಿಸಿದ್ದರೆ, ಅದು ನಾವೇ ಒಯ್ದ ಸೂಕ್ಷ್ಮಜೀವಿಯ ಉಸಿರೋ ಏನೋ ಎಂಬ ಸಂಶಯವೂ ಜೊತೆಗೂಡುತ್ತಿತ್ತು. ಮೈಲಿಗೆಯಾದ ಪ್ರಯೋಗವು ಸತ್ಯವನ್ನು ಹೇಳಲಾರದು.

ಎರಡನೆಯ ಎಚ್ಚರದ ಕಥೆ ಅಷ್ಟು ಹಿತಕರವಲ್ಲ. 1969ರ ಜುಲೈ 24ರಂದು ಅಪೊಲೊ 11ರ ಯಾತ್ರಿಕರು ಶಾಂತಸಾಗರಕ್ಕಿಳಿದರು. ಚಂದ್ರನ ನೆಲವನ್ನು ಮೆಟ್ಟಿದಂದಿನಿಂದ ಎಣಿಸಿ 21 ದಿನ ಅವರನ್ನು ಪ್ರತ್ಯೇಕವಾಗಿಡಬೇಕೆಂದು ಗೊತ್ತುಮಾಡಲಾಗಿತ್ತು. ಚಂದ್ರನ ಮಣ್ಣನ್ನು ಇಲಿ, ಮೀನು, ಜಿರಲೆ, ಸಸ್ಯಗಳ ಮೇಲೆ ಪರೀಕ್ಷಿಸಿದರು. ಆದರೆ ಈ ಎಲ್ಲ ಏರ್ಪಾಡಿಗೂ ಮುನ್ನವೇ ನೌಕೆಯ ಬಾಗಿಲನ್ನು ನಡುಗಡಲಿನಲ್ಲಿ ತೆರೆಯಲಾಗಿತ್ತು. ಒಳಗಿನ ಗಾಳಿ ಹೊರಗಿನ ಗಾಳಿಯೊಡನೆ ಬೆರೆತಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯನ್ನು ಇದು ನೆನಪಿಗೆ ತರುತ್ತದೆ. ಚಂದ್ರನಲ್ಲಿ ಜೀವವಿಲ್ಲದ್ದರಿಂದ ನಾವು ಉಳಿದೆವು; ನಮ್ಮ ಕಾವಲಿನ ಬಲದಿಂದಲ್ಲ. 1971ರ ಅಪೊಲೊ 14ರ ತರುವಾಯ ಆ ನಿರ್ಬಂಧವನ್ನೇ ಕೈಬಿಟ್ಟರು.

ಮಂಗಳನ ವಿಷಯ ಬೇರೆ. ಅಲ್ಲಿ ಒಂದು ಕಾಲಕ್ಕೆ ನೀರು ಹರಿದಿತ್ತು. 2021ರಲ್ಲಿ ಅಲ್ಲಿಗಿಳಿದ ಪರ್ಸಿವಿಯರೆನ್ಸ್ ಯಂತ್ರವು ಕಲ್ಲುಮಣ್ಣುಗಳನ್ನು ಕೊಳವೆಗಳಲ್ಲಿ ತುಂಬಿಟ್ಟಿದೆ. ಅವುಗಳಲ್ಲಿ ರೋಗಾಣುವಿರುವ ಸಂಭವ ಅತ್ಯಲ್ಪವೆಂದು ತಜ್ಞರು ಹೇಳುತ್ತಾರೆ, ನಾನೂ ನಂಬುತ್ತೇನೆ. ಆದರೆ ಅತ್ಯಲ್ಪವೆಂಬುದು ಶೂನ್ಯವಲ್ಲ. ತರುವವರು ಒಂದೆರಡು ದೇಶದವರು. ಆಪತ್ತು ಬಂದರೆ ಅನುಭವಿಸುವವರು ಎಲ್ಲರೂ. ಆದಕಾರಣ ಅವುಗಳನ್ನು ಇಲ್ಲಿಗೆ ತರುವ ಮೊದಲೇ, ಬಾಗಿಲನ್ನು ಎಲ್ಲಿ, ಯಾರು, ಹೇಗೆ ತೆರೆಯಬೇಕೆಂಬುದು ಲೋಕದ ಮುಂದೆ ಚರ್ಚೆಯಾಗಿ ನಿರ್ಧಾರವಾಗಬೇಕು. ಇದು ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲ.