ಮೆದು ಪ್ಲಾಸ್ಟಿಕ್ ಮೀನನ್ನು ಗಾಳಕ್ಕೆ ಪೋಣಿಸುವುದು ಹೇಗೆ?

ರಜಾ ದಿನಗಳಲ್ಲಿ ಅಳಿವೆಯ ದಂಡೆಗೋ ಸೇತುವೆಯ ಕೆಳಗೋ ಗಾಳ ಹಾಕಲು ಹೋಗುವುದು ನಮ್ಮ ಕರಾವಳಿಗೆ ಹೊಸದೇನಲ್ಲ. ಮೊದಲು ಬಾಟಲಿಗೆ ಸುತ್ತಿದ ತಂಗೂಸಿ, ತುದಿಯಲ್ಲಿ ಸಿಗಡಿ ಅಥವಾ ಬೂತಾಯಿಯ ತುಂಡು ಇಷ್ಟಿದ್ದರೆ ಸಾಕಾಗುತ್ತಿತ್ತು. ಈಗ ಅನೇಕರ ಕೈಗೆ ರಾಡು, ರೀಲು ಬಂದಿವೆ. ಚೀಲದಲ್ಲಿ ಬಣ್ಣಬಣ್ಣದ ಮೆದು ಪ್ಲಾಸ್ಟಿಕ್ ಮೀನುಗಳಿವೆ. ಇವನ್ನು ಸಾಫ್ಟ್ ಪ್ಲಾಸ್ಟಿಕ್ ಲ್ಯೂರ್ ಎನ್ನುತ್ತಾರೆ. ಇಬ್ಬರು ಒಂದೇ ಬಗೆಯ ಲ್ಯೂರ್ ಹಾಕಿ ಪಕ್ಕಪಕ್ಕದಲ್ಲಿ ನಿಂತರೂ ಒಬ್ಬರಿಗೆ ಮೀನು ಸಿಗುತ್ತದೆ, ಇನ್ನೊಬ್ಬರು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಅದೃಷ್ಟವನ್ನು ದೂರುವ ಮೊದಲು ಲ್ಯೂರನ್ನು ಗಾಳಕ್ಕೆ ಹೇಗೆ ಪೋಣಿಸಲಾಗಿದೆ ಎಂದು ನೋಡಬೇಕು. ಮೀನು ಸಿಗುವುದು ಮಾತ್ರವಲ್ಲ, ನೀರಿನಲ್ಲಿ ಎಷ್ಟು ಪ್ಲಾಸ್ಟಿಕ್ ಉಳಿಯುತ್ತದೆ ಎನ್ನುವುದೂ ಬಹುಮಟ್ಟಿಗೆ ಆ ಪೋಣಿಸುವಿಕೆಯ ಮೇಲೆಯೇ ನಿಂತಿದೆ.

ಲ್ಯೂರ್ ಯಾವುದರಿಂದ ಆಗಿದೆ?

ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ನಿಕ್ ಕ್ರೀಮ್ ಎಂಬವರು 1949ರಲ್ಲಿ ಪ್ಲಾಸ್ಟಿಕ್‌ನಿಂದ ಎರೆಹುಳುವಿನ ಅಚ್ಚು ತೆಗೆಯುವ ಪ್ರಯೋಗ ನಡೆಸಿದರು. ಇಂದಿನ ಲ್ಯೂರ್‌ಗಳೆಲ್ಲ ಆ ಹುಳುವಿನ ವಂಶದವು. ಇವುಗಳಲ್ಲಿ ಹೆಚ್ಚಿನವು ಪಿವಿಸಿಯಿಂದ ಆಗಿವೆ. ಮನೆಯ ನಲ್ಲಿ ಪೈಪು ಕೂಡ ಪಿವಿಸಿಯೇ. ಹಾಗಾದರೆ ಪೈಪು ಗಟ್ಟಿ, ಲ್ಯೂರ್ ಮೆದು ಏಕೆ? ಲ್ಯೂರ್ ತಯಾರಿಸುವಾಗ ಪಿವಿಸಿ ಪುಡಿಯನ್ನು ಎಣ್ಣೆಯಂತಹ ಒಂದು ದ್ರವದಲ್ಲಿ ಕಲಸುತ್ತಾರೆ. ಇದಕ್ಕೆ ಪ್ಲಾಸ್ಟಿಸೈಸರ್ ಎಂದು ಹೆಸರು. ಕಾಯಿಸಿ ಅಚ್ಚಿಗೆ ಹೊಯ್ದು ತಣಿಸಿದಾಗ ಈ ದ್ರವ ಪಾಲಿಮರ್‌ನ ಉದ್ದನೆಯ ಸರಪಳಿಗಳ ನಡುವೆ ಸೇರಿಕೊಳ್ಳುತ್ತದೆ. ಸರಪಳಿಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ, ವಸ್ತು ಮೆತ್ತಗಾಗುತ್ತದೆ.

ಇದನ್ನು ತಿಳಿದರೆ ಎರಡು ಎಚ್ಚರಿಕೆಗಳು ತಾವಾಗಿಯೇ ಹೊಳೆಯುತ್ತವೆ. ಲ್ಯೂರನ್ನು ಅದು ಬಂದ ಪೊಟ್ಟಣದಲ್ಲೇ ಇಡಬೇಕು. ಕೆಲವು ಬಗೆಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಪ್ಲಾಸ್ಟಿಸೈಸರ್ ಡಬ್ಬಿಗೆ ಇಳಿದು ಅದನ್ನೇ ಕರಗಿಸುತ್ತದೆ. ಬೇರೆ ಬೇರೆ ಬಣ್ಣದವನ್ನು ಒಟ್ಟಿಗಿಟ್ಟರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಎರಡನೆಯದು, ಹರಿದ ಲ್ಯೂರ್‌ಗಳನ್ನು ಅಡುಗೆ ಮನೆಯಲ್ಲಿ ಕರಗಿಸಿ ಹೊಸದು ಮಾಡುವ ಸಾಹಸಕ್ಕೆ ಹೋಗಬಾರದು. ಅತಿಯಾಗಿ ಕಾದ ಪಿವಿಸಿ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಡುತ್ತದೆ. ಅದು ಕಣ್ಣು, ಗಂಟಲು, ಶ್ವಾಸಕೋಶಗಳಿಗೆ ಹಾನಿಕರ.

ನೇರವಾಗಿರಬೇಕು ಏಕೆ?

ಬಾಲದ ತುದಿ ಹುಟ್ಟಿನಂತೆ ಅಗಲವಾಗಿರುವ ಲ್ಯೂರನ್ನು ನೀರಿನಲ್ಲಿ ಎಳೆದಾಗ ನೀರು ಬಾಲದ ಎರಡೂ ಬದಿಗಳಿಂದ ಸರದಿಯಂತೆ ಸುಳಿಗಟ್ಟಿ ಬಿಡಿಸಿಕೊಳ್ಳುತ್ತದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಳ್ಳಲ್ಪಟ್ಟ ಬಾಲ ಅಲ್ಲಾಡುತ್ತದೆ. ಈ ಕಂಪನವನ್ನು ಮೀನು ತನ್ನ ದೇಹದ ಎರಡು ಬದಿಗಳಲ್ಲಿರುವ ಪಾರ್ಶ್ವರೇಖೆ ಎಂಬ ಇಂದ್ರಿಯದಿಂದ ಗುರುತಿಸುತ್ತದೆ. ಮಳೆಗಾಲದ ಬಳಿಕ ಅಳಿವೆಯ ನೀರು ಕದಡಿ ಕಣ್ಣು ಕಾಣದಿದ್ದರೂ ಬೇಟೆಯ ಮೀನು ಲ್ಯೂರನ್ನು ಹುಡುಕಿಕೊಂಡು ಬರುವುದು ಹೀಗೆ.

ಗಾಳವು ಲ್ಯೂರಿನ ಮಧ್ಯರೇಖೆಯಲ್ಲಿ ಇಲ್ಲದಿದ್ದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಒಂದು ಬದಿಗೆ ನೀರಿನ ಒತ್ತಡ ಹೆಚ್ಚಾಗಿ, ನಾವು ಪಾಠದಲ್ಲಿ ಓದಿದ ಟಾರ್ಕ್ ಉಂಟಾಗುತ್ತದೆ. ಲ್ಯೂರ್ ಈಜುವ ಬದಲು ಗಿರಗಿರನೆ ತಿರುಗುತ್ತದೆ. ಯಾವ ಸಣ್ಣ ಮೀನೂ ಹಾಗೆ ಈಜುವುದಿಲ್ಲವಾದ್ದರಿಂದ ದೊಡ್ಡ ಮೀನು ಅನುಮಾನಪಟ್ಟು ದೂರ ಸರಿಯುತ್ತದೆ. ಜೊತೆಗೆ ತಂಗೂಸಿ ಹುರಿಗೊಂಡು ರೀಲಿನಲ್ಲಿ ಗೋಜಲಾಗುತ್ತದೆ.

ಜಿಗ್ ಹೆಡ್‌ಗೆ ಪೋಣಿಸುವ ಕ್ರಮ

ಕಲಿಯುವವರಿಗೆ ಜಿಗ್ ಹೆಡ್ ಸುಲಭ. ಇದು ಗಾಳದ ತಲೆಗೆ ಸೀಸದ ಗುಂಡನ್ನು ಎರಕ ಹೊಯ್ದ ಸಾಧನ. ದಂಡೆಯಿಂದ ಹಾಕುವಾಗ ಹರಿವು ಕಡಿಮೆ ಇದ್ದರೆ 5 ಗ್ರಾಂ, ಅಳಿವೆಯ ಸೆಳೆತವಿದ್ದರೆ 10 ಗ್ರಾಂ ಅಥವಾ ಸ್ವಲ್ಪ ಹೆಚ್ಚು ತೂಕದ್ದು ಬೇಕು. ಲ್ಯೂರ್ ತಳ ಮುಟ್ಟಿದ್ದು ಕೈಗೆ ತಿಳಿಯುವಷ್ಟು ಭಾರವಿದ್ದರೆ ಸಾಕು.

1. ಜಿಗ್ ಹೆಡ್ಡನ್ನು ಲ್ಯೂರಿನ ಪಕ್ಕದಲ್ಲಿಟ್ಟು ಅಳೆಯಿರಿ. ಗಾಳದ ಬಾಗು ಎಲ್ಲಿಗೆ ಬರುತ್ತದೋ ಅಲ್ಲಿ ಬೆನ್ನಿನ ಮೇಲೆ ಉಗುರಿನಿಂದ ಗುರುತು ಮಾಡಿ.
2. ಗಾಳದ ಮೊನೆಯನ್ನು ಲ್ಯೂರಿನ ಮೂತಿಯ ನಟ್ಟನಡುವೆ ಚುಚ್ಚಿ.
3. ಸೂಜಿಗೆ ಮಲ್ಲಿಗೆ ಪೋಣಿಸುವಂತೆ ಲ್ಯೂರನ್ನು ನಿಧಾನವಾಗಿ ಗಾಳದ ಮೇಲೆ ಸರಿಸಿ. ಮೊನೆ ಎಡಬಲಕ್ಕೆ ವಾಲದಿರಲಿ.
4. ಗುರುತು ಮಾಡಿದ ಜಾಗದಲ್ಲೇ, ಬೆನ್ನಿನ ನಡುಗೆರೆಯಲ್ಲಿ ಮೊನೆಯನ್ನು ಹೊರತೆಗೆಯಿರಿ.
5. ಮೂತಿಯನ್ನು ಸೀಸದ ತಲೆಗೆ ತಾಗುವವರೆಗೆ ತಳ್ಳಿ.

ಈಗ ಮೇಲಿನಿಂದ, ಬದಿಯಿಂದ ನೋಡಿ. ಲ್ಯೂರ್ ಗೂನಾಗಿದ್ದರೆ ಮೊನೆ ತಡವಾಗಿ ಹೊರಬಂದಿದೆ, ಹಿಗ್ಗಿ ಎಳೆದಂತಿದ್ದರೆ ಬೇಗ ಬಂದಿದೆ ಎಂದರ್ಥ. ತೆಗೆದು ಮತ್ತೆ ಪೋಣಿಸಬೇಕು. ಒಂದೇ ಲ್ಯೂರಿಗೆ ಮತ್ತೆ ಮತ್ತೆ ಚುಚ್ಚಿದರೆ ತೂತು ದೊಡ್ಡದಾಗಿ ಲ್ಯೂರ್ ಜಾರುತ್ತದೆ. ಮೊದಲೇ ಅಳೆಯಬೇಕು ಎನ್ನುವುದು ಇದಕ್ಕೇ. ಎಸೆಯುವ ಮೊದಲು ಕಾಲ ಬುಡದ ನೀರಿನಲ್ಲಿ ಒಂದು ಮಾರು ಎಳೆದು ನೋಡಿ. ಅಲ್ಲಿ ನೇರವಾಗಿ ಈಜಿದರೆ ದೂರದಲ್ಲೂ ಈಜುತ್ತದೆ.

ಬೇರುಗಳ ನಡುವೆ ಹಾಕುವಾಗ

ಜಿಗ್ ಹೆಡ್‌ನ ಮೊನೆ ಹೊರಗೆ ಚಾಚಿರುವುದರಿಂದ ಕಾಂಡ್ಲಾ ಗಿಡಗಳ ಬೇರು, ಕಳೆ, ಹಳೆಯ ಬಲೆಯ ಚೂರು ಎಲ್ಲಕ್ಕೂ ಸಿಕ್ಕಿಹಾಕಿಕೊಳ್ಳುತ್ತದೆ. ಆದರೆ ಬೇಟೆಯ ಮೀನು ಅಡಗುವುದು ಅಲ್ಲಿಯೇ. ಅಂತಹ ಜಾಗಕ್ಕೆ ಟೆಕ್ಸಾಸ್ ರಿಗ್ ಸೂಕ್ತ. ಇದರಲ್ಲಿ ಸೀಸ ಗಾಳಕ್ಕೆ ಅಂಟಿರುವುದಿಲ್ಲ. ಗುಂಡಿನಾಕಾರದ ತೂತಿನ ತೂಕವನ್ನು ಮೊದಲು ತಂಗೂಸಿಗೆ ಪೋಣಿಸಿ, ಬಳಿಕ ಕತ್ತಿನ ಬಳಿ ಮೆಟ್ಟಿಲಿನಂತೆ ಮಡಿಕೆಯಿರುವ ಗಾಳವನ್ನು ಕಟ್ಟುತ್ತಾರೆ. ಮೊನೆಯನ್ನು ಲ್ಯೂರಿನ ಮೂತಿಯೊಳಗೆ ಅರ್ಧ ಸೆಂಟಿಮೀಟರಿನಷ್ಟು ಚುಚ್ಚಿ ಗಂಟಲಿನ ಕಡೆಯಿಂದ ಹೊರತೆಗೆದು, ಮೂತಿ ಮಡಿಕೆಗೆ ಬಂದು ಕೂರುವವರೆಗೆ ಗಾಳವನ್ನು ಎಳೆಯಬೇಕು. ಗಾಳವನ್ನು ಅರ್ಧ ಸುತ್ತು ತಿರುಗಿಸಿ, ಮೊನೆಯನ್ನು ಹೊಟ್ಟೆಯ ಕಡೆಯಿಂದ ನೇರವಾಗಿ ಬೆನ್ನಿಗೆ ತೂರಿಸಬೇಕು. ಕೊನೆಗೆ ಮೊನೆಯ ತುದಿಯನ್ನು ಬೆನ್ನಿನ ತೆಳು ಪದರದೊಳಗೆ ಹುದುಗಿಸಿದರೆ ಮುಗಿಯಿತು. ಬೇರು ತಾಗಿದಾಗ ಮೊನೆ ಸಿಕ್ಕುವುದಿಲ್ಲ; ಮೀನು ಕಚ್ಚಿದಾಗ ಮೆದು ಪ್ಲಾಸ್ಟಿಕ್ ಒತ್ತಿಹೋಗಿ ಮೊನೆ ಹೊರಬರುತ್ತದೆ.

ಎಳೆಯುವ ಬಗೆ

ಹೆಚ್ಚಿನವರು ಲ್ಯೂರ್ ನೀರಿಗೆ ಬಿದ್ದ ಕೂಡಲೇ ರೀಲು ಸುತ್ತತೊಡಗುತ್ತಾರೆ. ಅದನ್ನು ತಳಕ್ಕೆ ಇಳಿಯಲು ಬಿಡಬೇಕು. ಬಳಿಕ ರಾಡನ್ನು ಮೆಲ್ಲಗೆ ಎತ್ತಿ, ಇಳಿಸಿ, ಸಡಿಲವಾದ ತಂಗೂಸಿಯನ್ನು ಸುತ್ತಿಕೊಳ್ಳಬೇಕು. ಗಾಯಗೊಂಡ ಸಣ್ಣ ಮೀನು ಮೇಲೇರಿ ಮುಳುಗುವಂತೆ ಅದು ಕಾಣುತ್ತದೆ. ಮೀನು ಕಚ್ಚುವುದು ಬಹಳ ಸಲ ಲ್ಯೂರ್ ಇಳಿಯುವಾಗಲೇ. ಆದ್ದರಿಂದ ಇಳಿಯುವಾಗಲೂ ತಂಗೂಸಿ ತೀರಾ ಸಡಿಲವಾಗಬಾರದು. ಅದು ತಟ್ಟನೆ ನಿಂತರೆ, ಪಕ್ಕಕ್ಕೆ ಸರಿದರೆ ರಾಡನ್ನು ಎತ್ತುವ ಹೊತ್ತು ಬಂದಿದೆ ಎಂದು ತಿಳಿಯಬೇಕು.

ನೀರಿನಲ್ಲಿ ಉಳಿಯುವುದು

ಎರೆಹುಳು ತುಂಡಾಗಿ ಬಿದ್ದರೆ ಏಡಿ ತಿನ್ನುತ್ತದೆ. ಪ್ಲಾಸ್ಟಿಕ್ ಮೀನು ಬಿದ್ದರೆ ಅಲ್ಲೇ ಇರುತ್ತದೆ. ಅಮೆರಿಕದ ಮೇನ್ ರಾಜ್ಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಯೋಗಾಲಯದ ಟ್ರೌಟ್ ಮೀನುಗಳು ಇಂತಹ ಲ್ಯೂರ್‌ಗಳನ್ನು ತಾವಾಗಿಯೇ ನುಂಗಿದವು. ಹೊಟ್ಟೆಯಲ್ಲಿ ಲ್ಯೂರ್ ಉಳಿದ ಮೀನುಗಳು ಸರಿಯಾಗಿ ಆಹಾರ ತಿನ್ನದೆ ತೂಕ ಕಳೆದುಕೊಂಡವು. ಸೀಸವೂ ವಿಷವೇ. ಹಂಸಗಳು ಸೀಸದ ಗುಂಡುಗಳನ್ನು ನುಂಗಿ ಸಾಯುತ್ತಿದ್ದುದರಿಂದ ಬ್ರಿಟನ್ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ತೂಕಗಳ ಮಾರಾಟವನ್ನು 1987ರಲ್ಲಿ ನಿಷೇಧಿಸಿತು. ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಬಾರದು, ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪು ಹಚ್ಚಿ ತೊಳೆಯಬೇಕು.

ಹಾಗಾಗಿ ಗಂಟು ಗಟ್ಟಿಯಾಗಿರಲಿ. ಬಿಗಿಯುವ ಮೊದಲು ಅದನ್ನು ಒದ್ದೆ ಮಾಡಿದರೆ ಉಜ್ಜಿದ ಬಿಸಿಗೆ ತಂಗೂಸಿ ಸೊರಗುವುದಿಲ್ಲ. ಕಲ್ಲಿಗೆ ತಾಗಿ ಒರಟಾದ ತುದಿಯನ್ನು ಕತ್ತರಿಸಿ ಹೊಸದಾಗಿ ಕಟ್ಟಬೇಕು. ಹರಿದ ಲ್ಯೂರ್, ತಂಗೂಸಿಯ ತುಣುಕುಗಳಿಗೆ ಚೀಲದಲ್ಲಿ ಒಂದು ಬೇರೆ ಪೊಟ್ಟಣವಿರಲಿ, ಅದು ಮನೆಗೇ ಬರಲಿ.

ಹಿಡಿದ ಮೀನಿನ ಬಗ್ಗೆಯೂ ಒಂದು ಮಾತು. ಅಳಿವೆಯಲ್ಲಿ ಲ್ಯೂರ್ ಹಾಕುವವರೆಲ್ಲ ಕಾಯುವುದು ಬ್ಯಾರಮಂಡಿಗೆ, ಅಂದರೆ ಪಂಜರ ಕೃಷಿಯವರು ಸೀಬಾಸ್ ಎಂದು ಸಾಕುವ ಮೀನಿಗೆ. ಇದು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗುತ್ತದೆ. ಆದ್ದರಿಂದ ತುಂಬ ದೊಡ್ಡ ಬ್ಯಾರಮಂಡಿ ಸಾಮಾನ್ಯವಾಗಿ ಮೊಟ್ಟೆ ಇಡುವ ತಾಯಿ. ಊಟಕ್ಕೆ ಸಾಕಾಗುವ ಗಾತ್ರದ್ದನ್ನು ಇಟ್ಟುಕೊಂಡು, ಆ ದೊಡ್ಡದನ್ನು ಒದ್ದೆ ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟರೆ ಮುಂದಿನ ಸಾಲಿನ ಮೀನು ನಮಗೇ ಉಳಿಯುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವುದಿಲ್ಲ. ಆ ದಿನಗಳಲ್ಲಿ ಪಾಚಿ ಕಟ್ಟಿದ ಬಂಡೆಯ ಮೇಲೆ, ಅಲೆ ತಡೆಗೋಡೆಯ ತುದಿಯಲ್ಲಿ ಗಾಳ ಹಿಡಿದು ನಿಲ್ಲಬಾರದು. ಉಳಿದ ದಿನಗಳಲ್ಲೂ ಒಬ್ಬರೇ ಹೋಗಬೇಡಿ, ಎಲ್ಲಿಗೆ ಹೋಗುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಿ, ಎಸೆಯುವ ಮೊದಲು ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿ. ಬಂಡೆಗೆ ಸಿಕ್ಕಿಹಾಕಿಕೊಂಡ ಲ್ಯೂರ್ ಬಿಡಿಸಲು ನೀರಿಗಿಳಿಯಬೇಡಿ. ಲ್ಯೂರ್ ಇನ್ನೊಂದು ಕೊಳ್ಳಬಹುದು.