ಬಾಲವೆತ್ತಿದ ಹಾಡುಗಾರ

ಹಿತ್ತಲಲ್ಲಿ ಕಪ್ಪು-ಬಿಳಿ ಹಕ್ಕಿಯೊಂದು ಕಂಡರೆ ಮೊದಲು ಅದರ ಬಾಲ ನೋಡಿ. ಬಾಲವನ್ನು ನೆಟ್ಟಗೆ ಮೇಲೆತ್ತಿ ನಿಂತಿದ್ದರೆ ಅದು ಬಹುತೇಕ ಮಡಿವಾಳ ಹಕ್ಕಿಯೇ. ಗಾತ್ರ ಬುಲ್‌ಬುಲ್‌ನಷ್ಟು, ಉದ್ದ ಸುಮಾರು 19 ಸೆಂ.ಮೀ. ಗಂಡಿನ ತಲೆ, ಎದೆ, ಬೆನ್ನು ಮಿರುಗುವ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಯ ಮೇಲೊಂದು ಬಿಳಿ ಪಟ್ಟೆ. ಹೆಣ್ಣಿಗೆ ಕಪ್ಪಿನ ಜಾಗದಲ್ಲಿ ಬೂದು.

ಕುಂಡೆಕುಸ್ಕವನ್ನು ಕಂಡು ಮಡಿವಾಳ ಎಂದುಕೊಳ್ಳುವವರು ಬಹಳ. ಅದೂ ಕಪ್ಪು-ಬಿಳಿಯೇ, ಆದರೆ ಕಣ್ಣಿನ ಮೇಲೆ ಬಿಳಿ ಹುಬ್ಬಿದೆ. ನೀರಿನ ಬಳಿ ಸರಸರನೆ ಓಡಾಡುತ್ತ ಬಾಲ ಕುಣಿಸುತ್ತಿರುತ್ತದೆ. ಮಡಿವಾಳಕ್ಕೆ ಹುಬ್ಬಿಲ್ಲ. ಅದು ತರಗೆಲೆಗಳ ನಡುವೆ ಕುಪ್ಪಳಿಸಿ ಹುಳು ಹೆಕ್ಕುತ್ತದೆ. ಬೇರೆ ಹಕ್ಕಿಗಳು ಗೂಡು ಸೇರಿದ ಮೇಲೂ ಮುಸ್ಸಂಜೆಯ ಮಬ್ಬಿನಲ್ಲಿ ಬೇಟೆ ಮುಂದುವರಿಸುತ್ತದೆ.

ಇನ್ನು ಅದರ ದನಿ. ನನ್ನ ಮಟ್ಟಿಗೆ ನಮ್ಮ ಊರುಕೇರಿಗಳಲ್ಲಿ ಇದಕ್ಕಿಂತ ಒಳ್ಳೆಯ ಹಾಡುಗಾರ ಇನ್ನೊಂದಿಲ್ಲ. ಬೇಸಿಗೆ ಕಾಲಿಟ್ಟಿತೆಂದರೆ ಗಂಡು ನಸುಕಿನಲ್ಲೇ ಮರದ ತುದಿಯನ್ನೋ ವಿದ್ಯುತ್ ತಂತಿಯನ್ನೋ ಏರಿ ಸ್ಪಷ್ಟವಾದ ಸಿಳ್ಳೆಯಲ್ಲಿ ಹಾಡುತ್ತದೆ. ಒಂದು ಸಾಲು, ಚಿಕ್ಕ ಬಿಡುವು, ಮತ್ತೆ ಬೇರೆಯದೇ ಸಾಲು. ನಡುನಡುವೆ ಇತರ ಹಕ್ಕಿಗಳ ಕೂಗನ್ನೂ ಅನುಕರಿಸುತ್ತದೆ. ಈ ಜಾಗ ತನ್ನದೆಂದು ಬೇರೆ ಗಂಡುಗಳಿಗೆ ಸಾರುವುದೂ ಹೆಣ್ಣನ್ನು ಕರೆಯುವುದೂ ಆ ಹಾಡಿನ ಉದ್ದೇಶ.

ಮರಿ ಮಾಡುವ ಕಾಲ ಮುಗಿದರೆ ಹಾಡು ನಿಲ್ಲುತ್ತದೆ. ಹಕ್ಕಿ ಊರು ಬಿಟ್ಟಿತು ಎಂದು ಅನೇಕರು ಭಾವಿಸುವುದು ಆಗಲೇ. ಅದು ಎಲ್ಲಿಗೂ ಹೋಗಿರುವುದಿಲ್ಲ, ಅದೇ ಪೊದೆಯ ನೆರಳಲ್ಲಿ ಸುಮ್ಮನೆ ಓಡಾಡಿಕೊಂಡಿರುತ್ತದೆ. ಬೆಕ್ಕು ಹತ್ತಿರ ಬಂದರೆ ‘ಚರ್‌ರ್’ ಎಂದು ಕರ್ಕಶವಾಗಿ ಗದರುತ್ತದೆ. ಆ ಗದರಿಕೆಯನ್ನು ಗುರುತಿಸಬಲ್ಲವರಿಗೆ ಮಡಿವಾಳ ವರ್ಷವಿಡೀ ಸಿಗುತ್ತದೆ.

ಬಾಂಗ್ಲಾದೇಶದ ರಾಷ್ಟ್ರಪಕ್ಷಿ ಇದೇ. ಅಲ್ಲಿ ಇದರ ಹೆಸರು ದೋಯೆಲ್. ಆದರೆ ಇಂಪಾದ ಕಂಠವೇ ಇದಕ್ಕೆ ಮುಳುವೂ ಆಗಿದೆ. ಪಂಜರದಲ್ಲಿಡಲು ಹಿಡಿದೂ ಹಿಡಿದೂ ಸಿಂಗಪುರದಲ್ಲಿ 1970ರ ದಶಕದ ಹೊತ್ತಿಗೆ ಇದು ಅಳಿವಿನಂಚು ತಲುಪಿತ್ತು. ನಮ್ಮಲ್ಲಿ ಇದನ್ನು ಹಿಡಿದು ಸಾಕುವುದು ಕಾನೂನುಬಾಹಿರ.

ನಮ್ಮ ಹಿತ್ತಲಿನಲ್ಲಿ ಇದಕ್ಕೆ ಬೇಕಿರುವುದು ಬಹಳ ಕಡಿಮೆ. ಮರದ ಪೊಟರೆಯಲ್ಲಿ, ಗೋಡೆಯ ಸಂದಿನಲ್ಲಿ ಗೂಡು ಕಟ್ಟುವ ಹಕ್ಕಿ ಇದು. ಗೂಡುಪೆಟ್ಟಿಗೆ ತೂಗುಹಾಕಿದರೆ ಅದನ್ನೂ ಒಪ್ಪುತ್ತದೆ. ಪೊಟರೆಯಿರುವ ಹಳೆಯ ಮರವನ್ನು ಕಡಿಯಬೇಡಿ, ಅದರ ಬುಡದ ತರಗೆಲೆಗೆ ಬೆಂಕಿಯಿಡಬೇಡಿ.