ಗ್ಯಾಲಕ್ಸಿಗಳ ಡಿಕ್ಕಿಗೆ ಜನರೇ ಪಂಚರು!

ರಸ್ತೇಲಿ ಲಾರಿಗೆ ಬಸ್ಸು ಗುದ್ದಿದರೆ ಕ್ಷಣದಲ್ಲಿ ನೂರು ಜನ ಸೇರುತ್ತಾರೆ. ತಪ್ಪು ಯಾರದು ಅಂತ ಹೇಳೋದಕ್ಕೆ ಸಾಕ್ಷಿಗಳಿಗೇನೂ ಬರವಿಲ್ಲ. ಪೊಲೀಸರು ಬಂದು, ಪಂಚರನ್ನು ನಿಲ್ಲಿಸಿ, ಪಂಚನಾಮೆ ಬರೆದುಕೊಂಡು ಹೋಗುತ್ತಾರೆ.

ಆದರೆ ಸ್ವಾಮಿ, ಆಕಾಶದಲ್ಲಿ ಎರಡು ಗ್ಯಾಲಕ್ಸಿ ಗುದ್ದಿಕೊಂಡರೆ?

ಗ್ಯಾಲಕ್ಸಿ ಅಂದರೆ ಸಾವಿರಾರು ಕೋಟಿ ನಕ್ಷತ್ರಗಳ ಹಿಂಡು. ಎರಡು ಹಿಂಡು ಒಂದರೊಳಗೊಂದು ನುಗ್ಗಿದರೂ ನಕ್ಷತ್ರಕ್ಕೆ ನಕ್ಷತ್ರ ತಾಗುವುದು ತೀರಾ ಅಪರೂಪ. ನಡುವೆ ಅಷ್ಟು ಜಾಗ ಉಂಟು. ಆದರೆ ಒಂದರ ಸೆಳೆತಕ್ಕೆ ಇನ್ನೊಂದರ ಆಕಾರ ಕೆಟ್ಟು, ಉದ್ದನೆಯ ಬಾಲ ಹೊರಬೀಳುತ್ತದೆ. ಈ ಗುದ್ದಾಟ ಮುಗಿಯೋದಕ್ಕೆ ಕೋಟ್ಯಂತರ ವರ್ಷ ಬೇಕು. ನಮ್ಮ ಕೈಗೆ ಸಿಗುವುದು ನಡುವಿನ ಒಂದು ಫೋಟೊ ಮಾತ್ರ. ಸಾಕ್ಷಿ ಯಾರು?

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಕೆವಿನ್ ಶಾವಿನ್‌ಸ್ಕಿ ಎಂಬ ಸಂಶೋಧಕ ಒಂದು ವಾರ ಕೂತು 50,000 ಗ್ಯಾಲಕ್ಸಿಗಳ ಫೋಟೊ ನೋಡಿ ಸುಸ್ತಾದ. ನೋಡಬೇಕಾದವು ಇನ್ನೂ ಲಕ್ಷಗಟ್ಟಲೆ ಉಳಿದಿದ್ದವು. ಆಕಾರ ಗುರುತಿಸುವುದರಲ್ಲಿ ಆಗಿನ ಕಂಪ್ಯೂಟರ್ ಮನುಷ್ಯರ ಕಣ್ಣಿಗೆ ಸಮನಲ್ಲ. ಕೊನೆಗೆ ಆತ, ಕ್ರಿಸ್ ಲಿಂಟಾಟ್ ಮತ್ತು ಗೆಳೆಯರು 2007ರ ಜುಲೈನಲ್ಲಿ ಫೋಟೊಗಳನ್ನು ಇಂಟರ್‌ನೆಟ್‌ಗೆ ಹಾಕಿ, 'ನೀವೇ ನೋಡಿ ಹೇಳ್ರಪ್ಪಾ' ಅಂದುಬಿಟ್ಟರು. ಇದಕ್ಕಿಟ್ಟ ಹೆಸರು 'ಗ್ಯಾಲಕ್ಸಿ ಜೂ'.

ಡಿಗ್ರಿ ಕೇಳಲಿಲ್ಲ, ಫೀಸೂ ಇಲ್ಲ. ಒಂದೇ ವರ್ಷದಲ್ಲಿ ಒಂದೂವರೆ ಲಕ್ಷ ಮಂದಿ 5 ಕೋಟಿ ಉತ್ತರ ಕೊಟ್ಟರು! ಒಂದೊಂದು ಫೋಟೊ ಹಲವರ ಕಣ್ಣಿಗೆ ಬೀಳುವುದರಿಂದ ಒಬ್ಬ ತಪ್ಪಿದರೂ ಉಳಿದವರ ಲೆಕ್ಕ ಅದನ್ನು ಸರಿಮಾಡುತ್ತದೆ. ಈ ಉತ್ತರಗಳಿಂದಲೇ ಡಿಕ್ಕಿಯಲ್ಲಿರುವ 3,003 ಜೋಡಿಗಳ ಪಟ್ಟಿ ತಯಾರಾಯಿತು.

2009ರಲ್ಲಿ ಶುರುವಾದದ್ದು ನಿಜವಾದ ಪಂಚನಾಮೆ. ಇಂಥ ವೇಗ, ಇಂಥ ದಿಕ್ಕಿನಲ್ಲಿ ಗುದ್ದಿದರೆ ಹೀಗೆ ಕಂಡೀತು ಅಂತ ಕಂಪ್ಯೂಟರ್ ಲಕ್ಷಾಂತರ ಚಿತ್ರ ಬರೆಯಿತು. ನಡುವೆ ಅಸಲಿ ಫೋಟೊ, ಸುತ್ತ ಎಂಟು ಚಿತ್ರ. ಯಾವುದು ಹೋಲುತ್ತದೋ ಆರಿಸಬೇಕು, ಅಷ್ಟೇ. ಹೀಗೆ 30 ಲಕ್ಷಕ್ಕೂ ಹೆಚ್ಚು ಚಿತ್ರ ಜರಡಿ ಹಿಡಿದು, 62 ಜೋಡಿ ಎಲ್ಲಿಂದ ಬಂದು ಹೇಗೆ ಗುದ್ದಿದವು ಎಂಬ ಕಥೆ ಹೊರತೆಗೆದರು. 2016ರಲ್ಲಿ ಅದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು.

ಇನ್ನೊಂದು ಮಾತು. ಹಾಲೆಂಡಿನ ಶಾಲಾ ಮೇಡಂ ಹನ್ನಿ ಫಾನ್ ಆರ್ಕೆಲ್ 2007ರಲ್ಲಿ ಫೋಟೊ ನೋಡುತ್ತಿದ್ದಾಗ ಒಂದು ಗ್ಯಾಲಕ್ಸಿ ಪಕ್ಕದಲ್ಲಿ ವಿಚಿತ್ರ ಮಚ್ಚೆ ಕಂಡು 'ಇದೇನಿದು?' ಅಂತ ಕೇಳಿದರು. ಪಂಡಿತರಿಗೂ ಗೊತ್ತಿರಲಿಲ್ಲ! ವಿಚಾರಿಸಿದರೆ, ಅದು ಪಕ್ಕದ ಗ್ಯಾಲಕ್ಸಿಯ ನಡುವಿನಿಂದ ಹಿಂದೊಮ್ಮೆ ಬಂದ ಬೆಳಕಿಗೆ ಹೊಳೆಯುವ ದೊಡ್ಡ ಅನಿಲದ ಮೋಡ. ಅದಕ್ಕೆ ಮೇಡಂ ಹೆಸರನ್ನೇ ಇಟ್ಟರು: 'ಹನ್ನಿಯ ವಸ್ತು'.

ನೋಟು ಕೈಗೆ ಬಂದ ಕೂಡಲೇ ಖೋಟಾ ಅಂತ ಹೇಳುವ ಅಂಗಡಿಯವರ ಕಣ್ಣು, ಕತ್ತಲಲ್ಲೂ ತಮ್ಮ ಬಸ್ಸನ್ನು ದೂರದಿಂದ ಗುರುತಿಸುವ ಪ್ರಯಾಣಿಕರ ಕಣ್ಣು. ಆಕಾಶಕ್ಕೆ ಪಂಚರಾಗೋದಕ್ಕೆ ಬೇಕಾದದ್ದೂ ಅಂಥದೇ ಕಣ್ಣು.